ಹನ್ನೆರಡು ನಿಮಿಷದ ಹ್ಯಾಮ್ಲೆಟ್

ಶಿವಮೊಗ್ಗದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯವರು ಈ ಸಲದ ವಾರ್ಷಿಕೋತ್ಸವಕ್ಕೆ ಸಿನಿಮಾ ಡ್ಯಾನ್ಸ್ ಬಿಟ್ಟು ಶೇಕ್ಸ್‌ಪಿಯರ್‌ಗೆ ಕೈ ಹಾಕಿದರು. 'ಹ್ಯಾಮ್ಲೆಟ್', ಹನ್ನೆರಡು ನಿಮಿಷ. ಪೂರ್ತಿ ಆಡಿದರೆ ನಾಲ್ಕು ಗಂಟೆ ಹಿಡಿಯುವ ನಾಟಕ. ಏನ್ಮಾಡೋದು, ಸನ್ಮಾನಕ್ಕೂ ಟೈಮ್ ಬೇಕಲ್ವಾ?

ಶಾಲೆಯ ಬೀರುವಿನಲ್ಲಿ ಶೇಕ್ಸ್‌ಪಿಯರ್ ಇದ್ದಾನೆ. ಬೀಗದ ಕೈ ಆಫೀಸಿನಲ್ಲಿದೆ. ಮಕ್ಕಳು ಮುಟ್ಟಿದರೆ ಕೊಳೆಯಾಗುತ್ತಂತೆ. ಮಲೆನಾಡಿನ ಮಳೆಗಾಲದ ಬೂಷ್ಟು ಮಾತ್ರ ಒಂದು ಪುಟವನ್ನೂ ಬಿಟ್ಟಿಲ್ಲ.

ಅಲ್ಲಿ ಕನ್ನಡ ಮಾತಾಡಿದರೆ ಹತ್ತು ರೂಪಾಯಿ ದಂಡ. ತಾಲೀಮಿನಲ್ಲಿ ಹ್ಯಾಮ್ಲೆಟ್‌ನ ಸತ್ತ ಅಪ್ಪ, ಡೆನ್ಮಾರ್ಕಿನ ರಾಜನ ಭೂತದ ಪಾತ್ರದ ಹುಡುಗ ಬೆಡ್‌ಶೀಟು ಎಡವಿ ಬಿದ್ದು "ಅಯ್ಯೋ ಅಮ್ಮಾ" ಅಂದ. ಅದಕ್ಕೂ ವಸೂಲಿಯಾಯಿತು. ಡೆನ್ಮಾರ್ಕಿನ ರಾಜ ಡ್ಯಾನಿಶ್‌ನಲ್ಲಿ ನರಳಬೇಕಲ್ವಾ ಅಂತ ಯಾರೂ ಕೇಳಲಿಲ್ಲ.

ಕುಪ್ಪಳಿಯ ಕುವೆಂಪು ಅವರೂ ಶುರುವಿಗೆ ಪದ್ಯ ಬರೆದದ್ದು ಇಂಗ್ಲಿಷಿನಲ್ಲೇ. ಐರಿಷ್ ಕವಿ ಜೇಮ್ಸ್ ಕಸಿನ್ಸ್ ಓದಿ, ನಿಮ್ಮ ಭಾಷೆಯಲ್ಲಿ ಬರೆಯಿರಿ ಅಂದರು. ಈ ಶಾಲೆಯಲ್ಲಿದ್ದಿದ್ದರೆ ಕಸಿನ್ಸ್‌ಗೇ ದಂಡ ಬೀಳುತ್ತಿತ್ತು! ಮುಂದೆ ಕುವೆಂಪು ಹ್ಯಾಮ್ಲೆಟ್‌ನ ಕಥೆಯನ್ನೇ ನಮ್ಮ ಬಿದನೂರಿಗೆ ಕರೆತಂದು 'ರಕ್ತಾಕ್ಷಿ' ಬರೆದರು.

ಇರಲಿ, ಪರದೆ ಎದ್ದಿತು. ಹ್ಯಾಮ್ಲೆಟ್ ಒಂದೇ ಉಸಿರಿಗೆ ತನ್ನ ಸಂಕಟವನ್ನೆಲ್ಲ ಒಪ್ಪಿಸಿದ. ಅಪ್ಪ ಅಮ್ಮಂದಿರು ಮೊಬೈಲ್ ಎತ್ತಿ ಹಿಡಿದಿದ್ದರು. ಯಾರು ಯಾರನ್ನು ಯಾಕೆ ಕೊಂದರು ಅಂತ ಒಬ್ಬರಿಗೂ ತಿಳಿಯಲಿಲ್ಲ. ಆದರೆ ಆಕ್ಸೆಂಟ್ ಸೂಪರ್ ಅನ್ನುವುದು ಎಲ್ಲರಿಗೂ ತಿಳಿಯಿತು.

ಕಥೆ ಗೊತ್ತಿದ್ದದ್ದು ಹಿಂದಿನ ಸಾಲಿನ ಒಬ್ಬ ಅಜ್ಜನಿಗೆ. ಸಾಗರದ ಕಡೆಯ ಅಡಿಕೆ ಬೆಳೆಗಾರರು. ಅಲ್ಲಿ ಹೆಗ್ಗೋಡಿನಲ್ಲಿ 1949ರಲ್ಲೇ ನೀನಾಸಂ ಎಂಬ ನಾಟಕ ಸಂಸ್ಥೆ ಹುಟ್ಟಿತು. ತೋಟದಿಂದ ಬಂದು, ಕಾಲಿಗೆ ಹತ್ತಿದ ಇಂಬಳ ಕಿತ್ತೆಸೆದು, ಶೇಕ್ಸ್‌ಪಿಯರ್, ಬ್ರೆಕ್ಟ್ ನೋಡಿ ಕಣ್ಣೊರೆಸಿಕೊಂಡು ಮನೆಗೆ ಹೋಗುವುದು ಅಲ್ಲಿಯವರಿಗೆ ಹೊಸದಲ್ಲ. ಯಾರೂ ಅದಕ್ಕೆ ಸರ್ಟಿಫಿಕೇಟ್ ಕೇಳಿದ್ದಿಲ್ಲ.

ಪಕ್ಕದ ಹೆಂಗಸು "ಇವನ್ಯಾಕೆ ಒಬ್ಬನೇ ಮಾತಾಡ್ತಿದಾನೆ?" ಅಂದರು. ಅಜ್ಜ ಶುರು ಮಾಡಿದರು. "ಚಿಕ್ಕಪ್ಪನೇ ಅಪ್ಪನ್ನ ಕೊಂದಿದಾನಮ್ಮ. ಕಿವಿಗೆ ವಿಷ ಹೊಯ್ದು. ಮೇಲಿಂದ ಅತ್ತಿಗೇನೂ ಮದುವೆಯಾಗಿದಾನೆ." ಮುಂದಿನ ಸಾಲಿನ ಮೊಬೈಲುಗಳು ಇಳಿದವು. ತಲೆಗಳು ಹಿಂದೆ ತಿರುಗಿದವು. "ಆಸ್ತಿ ವಿಷಯನಾ?" ಅಂತ ಒಬ್ಬರು. "ಸಿಂಹಾಸನ ಅಂದ್ರೆ ಮತ್ತೇನು?" ಅಂದರು ಅಜ್ಜ.

ಅಷ್ಟರಲ್ಲಿ ಟೀಚರ್ ಒಬ್ಬರು ಓಡಿ ಬಂದರು. "ಸೈಲೆನ್ಸ್ ಪ್ಲೀಸ್, ಓನ್ಲಿ ಇಂಗ್ಲಿಷ್!"

ಅಜ್ಜ ಜೇಬಿಗೆ ಕೈ ಹಾಕಿದರು.

"ನೂರು ರೂಪಾಯಿ ತಗೊಳ್ಳಿ ಮೇಡಂ. ಇನ್ನೂ ನಾಲ್ಕು ಹೆಣ ಬೀಳೋದಿದೆ, ಹೇಳಿ ಮುಗಿಸ್ತೀನಿ."