ಅರ್ಥವಾಗದ ಮಾತನ್ನು ಕೇಳಲಿಲ್ಲ ಅಂತ ಮಕ್ಕಳಿಗೆ ಶಿಕ್ಷೆಯಾ?

ಸಿಟ್ಟು ತಡೆಯಲಾಗದೆ ಬರೆಯುತ್ತಿದ್ದೇನೆ. ಕಾಸರಗೋಡು ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಎಲ್.ಪಿ. (ಕಿರಿಯ ಪ್ರಾಥಮಿಕ) ಶಾಲೆಯಲ್ಲಿ ನನ್ನ ಮಗಳು ಎರಡನೇ ಕ್ಲಾಸು. ಶಾಲೆಯ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಬೆಳಿಗ್ಗೆ ಅದೇ ಗೇಟಿನ ಒಳಗೆ ಹೋಗಬೇಕಾದದ್ದು ಅವಳು. ಇದು ಒಂದೇ ಶಾಲೆಯ ಕಥೆ ಅಲ್ಲ ಅಂತ ಪೆರ್ಲ, ಬದಿಯಡ್ಕ, ಮಂಜೇಶ್ವರ ಕಡೆಯ ತಂದೆ ತಾಯಿಗಳಿಗೆ ಗೊತ್ತುಂಟು.

ಅವಳ ಡೈರಿಯಲ್ಲಿ ಟೀಚರ್ ಎರಡು ಸಾಲು ಬರೆದು ಕಳಿಸಿದ್ದರು. ಮಲಯಾಳದಲ್ಲಿ. ನನಗೆ ಮಲಯಾಳ ಕೇಳಿದರೆ ಅರ್ಧಂಬರ್ಧ ತಿಳಿಯುತ್ತದೆ, ಓದಲು ಬರುವುದಿಲ್ಲ. ಪೇಟೆಯ ಮೆಡಿಕಲ್ ಅಂಗಡಿಯ ಹುಡುಗನ ಹತ್ತಿರ ಓದಿಸಿದೆ. "ಹೇಳಿದ ಮಾತು ಕೇಳುವುದಿಲ್ಲ, ಎದುರು ಮಾತಾಡುತ್ತಾಳೆ, ಮನೆಯಲ್ಲಿ ಬುದ್ಧಿ ಹೇಳಬೇಕು" ಅಂತ ಇತ್ತು. ಮದ್ದಿಗೆ ಬಂದ ನಾಲ್ಕು ಜನ ಅಲ್ಲೇ ನಿಂತಿದ್ದರು. ಏಳು ವರ್ಷದ ಮಗುವಿನ ಮೇಲಿನ ದೂರನ್ನು ಅವಳ ತಾಯಿ ಊರವರ ಎದುರು ಬೇರೆಯವರ ಬಾಯಿಂದ ಕೇಳಬೇಕಾ? ನನಗೆ ಹೇಳಬೇಕಾದ ಮಾತನ್ನು ನನಗೆ ತಿಳಿಯುವ ಭಾಷೆಯಲ್ಲಿ ಬರೆಯಬೇಕು ಅಂತ ಆ ಶಾಲೆಯಲ್ಲಿ ಒಬ್ಬರಿಗೂ ಅನಿಸಲಿಲ್ಲವಾ?

ನಡೆದದ್ದು ಇಷ್ಟು. ಮಧ್ಯಾಹ್ನ ಊಟ ಆದ ಮೇಲೆ ಮಕ್ಕಳು ಪ್ಲೇಟು ತೊಳೆಯಲು ನಳ್ಳಿಯ ಹತ್ತಿರ ಸಾಲು ನಿಲ್ಲಬೇಕು. ಹಿಂದಿನಿಂದ ಒಬ್ಬ ಹುಡುಗ ದೂಡಿದ. ಇವಳ ಕೈಯ ಸ್ಟೀಲ್ ಪ್ಲೇಟು ಮುಂದೆ ನಿಂತಿದ್ದ ಹುಡುಗಿಯ ಕಿವಿಯ ಹತ್ತಿರ ತಾಗಿತು. ಅವಳು ಅತ್ತಳು. ಟೀಚರ್ ಬಂದರು. ದೂಡಿದ ಹುಡುಗನ ಮನೆಮಾತು ಮಲಯಾಳ. ಅವನು ಪಟಪಟ ಅಂತ ತನ್ನ ಕಡೆಯ ಕಥೆ ಹೇಳಿಬಿಟ್ಟ. ನನ್ನ ಮಗಳು ಹೇಳಲು ಹೊರಟದ್ದು ಕನ್ನಡದಲ್ಲಿ, ಹೆದರಿಕೆಗೆ ನಡುವೆ ತುಳುವೂ ಸೇರಿತ್ತು. ಟೀಚರಿಗೆ ಒಂದಕ್ಷರ ಅರ್ಥ ಆಗಲಿಲ್ಲ. ಅವರು ಸುಮ್ಮನಿರು ಅಂದರಂತೆ, ಮಲಯಾಳದಲ್ಲಿ. ಇವಳಿಗೆ ಅದು ಅರ್ಥ ಆಗಲಿಲ್ಲ. ಹೇಳುತ್ತಲೇ ಹೋದಳು. ಅದು ಎದುರು ಮಾತು ಆಯಿತು. ಆಟದ ಪೀರಿಯಡ್ ಇಡೀ ಜಗಲಿಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಉಳಿದ ಮಕ್ಕಳು ಮೈದಾನದಲ್ಲಿ ಆಡುತ್ತಿದ್ದರು.

ಪೆಟ್ಟಾದ ಹುಡುಗಿ ಇವಳ ಸ್ನೇಹಿತೆ. ಸಂಜೆ ಅವಳೇ ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಳು. "ಅವಳು ಬೇಕಂತ ಮಾಡಿದ್ದಲ್ಲ ಆಂಟಿ, ನಾನು ಟೀಚರಿಗೆ ಹೇಳಿದೆ, ಟೀಚರಿಗೆ ಗೊತ್ತಾಗಲಿಲ್ಲ" ಅಂದಳು. ಪೆಟ್ಟು ತಿಂದವಳೇ ಸಾಕ್ಷಿ ಹೇಳಿದರೂ ಪ್ರಯೋಜನ ಇಲ್ಲ! ಇದಕ್ಕೆ ಶಿಸ್ತು ಅಂತ ಹೆಸರಾ? ಯಾರ ತಪ್ಪು ಅಂತ ವಿಚಾರಿಸಲು ಬಾರದವರು ಶಿಕ್ಷೆ ಕೊಡುವುದು ಹೇಗೆ?

ಈ ಟೀಚರ್ ಬಂದದ್ದು ಈ ವರ್ಷ, ಕೇರಳದ ತೆಂಕಣ ಜಿಲ್ಲೆಯೊಂದರಿಂದ. ಕನ್ನಡ ಬರುವುದಿಲ್ಲ. ಅವರ ಮೇಲೆ ನನಗೆ ದ್ವೇಷ ಇಲ್ಲ. ಗೊತ್ತಿಲ್ಲದ ಊರಿಗೆ, ಗೊತ್ತಿಲ್ಲದ ಭಾಷೆಯ ಕ್ಲಾಸಿಗೆ ಅವರನ್ನು ತಂದು ಕೂರಿಸಿದ್ದಾರೆ. ಆ ಹೆಣ್ಣುಮಗಳೂ ಕಷ್ಟಪಡುತ್ತಿದ್ದಾರೆ, ನೋಡಿದರೆ ಗೊತ್ತಾಗುತ್ತದೆ. ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡ ಬಾರದವರನ್ನು ಕಳಿಸಿದವರ ಮೇಲೆ ನನ್ನ ಸಿಟ್ಟು. ಇದು ಹೊಸ ರೋಗವೂ ಅಲ್ಲ. ಕನ್ನಡ ಬಾರದ ಅಧ್ಯಾಪಕರನ್ನು ಕನ್ನಡ ಶಾಲೆಗಳಿಗೆ ಹಾಕಿದ್ದಕ್ಕೆ ನಮ್ಮ ಜಿಲ್ಲೆಯಲ್ಲಿ ಮಕ್ಕಳು, ಹೆತ್ತವರು ಪ್ರತಿಭಟನೆಗೆ ಕೂತದ್ದುಂಟು, ಕೋರ್ಟಿಗೆ ಹೋದದ್ದುಂಟು. ಆಗೆಲ್ಲ ಚರ್ಚೆ ಆದದ್ದು ಪಾಠದ ಬಗ್ಗೆ. ಲೆಕ್ಕ ಹೇಗೆ ಕಲಿಯುತ್ತಾರೆ, ವಿಜ್ಞಾನ ಹೇಗೆ ಕಲಿಯುತ್ತಾರೆ ಅಂತ. ಸಣ್ಣ ಕ್ಲಾಸಿನ ಮಕ್ಕಳ ಮಾನ ಮರ್ಯಾದೆಯ ವಿಷಯ ಯಾರೂ ಎತ್ತಲಿಲ್ಲ. ಪಾಠ ತಿಳಿಯದಿದ್ದರೆ ಮನೆಯಲ್ಲಿ ಹೇಳಿಕೊಡಬಹುದು. "ಮಾತು ಕೇಳದವಳು" ಅಂತ ಒಮ್ಮೆ ಹೆಸರು ಬಿದ್ದರೆ ಅದನ್ನು ತೆಗೆಯುವುದು ಹೇಗೆ?

ಆ ಕ್ಲಾಸು ನಡೆಯುವ ರೀತಿಯನ್ನು ಒಮ್ಮೆ ಕಣ್ಣಾರೆ ನೋಡಬೇಕು. ಮಗಳಿಗೆ ಜ್ವರದ ಮದ್ದು ಕೊಡಲು ಹೋದಾಗ ಬಾಗಿಲ ಹತ್ತಿರ ನಿಂತು ನೋಡಿದೆ. ಟೀಚರ್ ಏನೋ ಹೇಳಿದರು. ಒಂದು ಮಗುವೂ ಟೀಚರ ಮುಖ ನೋಡಲಿಲ್ಲ. ಎಲ್ಲರೂ ತಿರುಗಿ ಎರಡನೇ ಬೆಂಚಿನ ಒಬ್ಬ ಹುಡುಗನನ್ನು ನೋಡಿದರು. ಅವನಿಗೆ ಎರಡೂ ಭಾಷೆ ಬರುತ್ತದೆ. ಅವನು ಪುಸ್ತಕ ಮುಚ್ಚಿದ, ಎಲ್ಲರೂ ಮುಚ್ಚಿದರು. ಅವನು ಎದ್ದು ನಿಂತ, ಎಲ್ಲರೂ ನಿಂತರು. ಟಾಯ್ಲೆಟ್ಟಿಗೆ ಹೋಗಬೇಕಾದವರು ಮೊದಲು ಅವನ ಕಿವಿಯಲ್ಲಿ ಹೇಳುತ್ತಾರೆ, ಅವನು ಟೀಚರಿಗೆ ಹೇಳುತ್ತಾನೆ. ನಾಚಿಕೆಯ ಸ್ವಭಾವದ ಹೆಣ್ಣು ಮಕ್ಕಳು ಏನು ಮಾಡಬೇಕು? ಹೇಳದೆ ತಡೆದುಕೊಂಡು ಕೂರುತ್ತಾರೆ. ಹಾಗೆ ತಡೆದುಕೊಂಡು ಯೂನಿಫಾರ್ಮ್ ಒದ್ದೆ ಮಾಡಿಕೊಂಡು ಅಳುತ್ತಾ ಮನೆಗೆ ಬಂದ ಮಗು ನಮ್ಮ ಪಕ್ಕದ ಮನೆಯಲ್ಲೇ ಇದೆ.

ಆ ಹುಡುಗ ರಜೆ ಹಾಕಿದ ದಿನ ಕ್ಲಾಸಿನಲ್ಲಿ ಒಟ್ರಾಶಿ ಗಲಾಟೆ. ಯಾರಿಗೂ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ. ಒಬ್ಬ ಕೂರುತ್ತಾನೆ, ಒಬ್ಬ ನಿಲ್ಲುತ್ತಾನೆ, ಒಬ್ಬಳು ಹೊರಗೆ ಹೋಗುತ್ತಾಳೆ. ಅಂತಹ ದಿನಗಳ ಸಂಜೆಯೇ ಡೈರಿಗಳಲ್ಲಿ ದೂರು ಜಾಸ್ತಿ. ಪಾಪ, ಆ ಹುಡುಗನಿಗೂ ಇದು ಶಿಕ್ಷೆಯೇ. ಅವನು ತಪ್ಪಾಗಿ ಹೇಳಿದರೆ ಟೀಚರ್ ಕೈಯಲ್ಲೂ ಬೈಗುಳ, ಜೊತೆಯ ಮಕ್ಕಳ ಕೈಯಲ್ಲೂ ಬೈಗುಳ. ಏಳು ವರ್ಷದ ಮಗುವಿನ ಹೆಗಲ ಮೇಲೆ ಇಡೀ ಕ್ಲಾಸಿನ ಶಿಸ್ತು ಹೊರಿಸಿದ್ದಾರೆ.

ಇನ್ನು ಆ ನಿಯಮಗಳ ಹಾಳೆ. ಶಾಲೆ ಶುರುವಾದ ಮೇಲೆ ಒಂದು ಪ್ರಿಂಟ್ ಹಾಳೆ ಮನೆಗೆ ಬಂತು. ಅದೂ ಪೂರ್ತಿ ಮಲಯಾಳ. ಕೆಳಗೆ ಹೆತ್ತವರ ಸಹಿಗೆ ಗೆರೆ. ಓದಿಸಿ ನೋಡಿದರೆ ಅದರಲ್ಲಿ ತಕರಾರು ಮಾಡುವಂಥದ್ದು ಹೆಚ್ಚೇನೂ ಇಲ್ಲ. ಬೆಲ್ ಆಗುವ ಮೊದಲು ಬರಬೇಕು, ಉಗುರು ಕತ್ತರಿಸಿರಬೇಕು, ಜಗಲಿಯಲ್ಲಿ ಓಡಬಾರದು, ಊಟಕ್ಕೆ ಸಾಲಿನಲ್ಲಿ ನಿಲ್ಲಬೇಕು, ಅನುಮತಿ ಕೇಳದೆ ಹೊರಗೆ ಹೋಗಬಾರದು, ರಜೆ ಹಾಕಿದರೆ ಚೀಟಿ ತರಬೇಕು. ಎಲ್ಲ ಸರಿಯೇ. ಇಂಥ ನಿಯಮ ಬೇಕು ಅಂತ ಹೇಳುವವರಲ್ಲಿ ನಾನೇ ಮೊದಲಿನವಳು. ಆದರೆ ಕನ್ನಡ ಮಾಧ್ಯಮದ ಶಾಲೆಯಿಂದ ಕನ್ನಡದ ಮನೆಗಳಿಗೆ ಬರುವ ಹಾಳೆಯಲ್ಲಿ ಒಂದು ಸಾಲೂ ಕನ್ನಡ ಇಲ್ಲ. ಮಕ್ಕಳಿಗೆ ಓದಲು ಬರುವುದಿಲ್ಲ, ಹೆತ್ತವರಿಗೆ ಓದಲು ಬರುವುದಿಲ್ಲ. ಹಾಗಾದರೆ ಆ ಸಹಿ ಯಾತಕ್ಕೆ? ನಾಳೆ ಏನಾದರೂ ಆದರೆ "ನೀವೇ ಸಹಿ ಹಾಕಿದ್ದೀರಲ್ಲ" ಅಂತ ತೋರಿಸಲಿಕ್ಕಾ?

ನಿಯಮ ಮಾಡುವ ಮೊದಲು ಹೆತ್ತವರನ್ನು ಕೇಳಿದ್ದಾರಾ ಅಂದರೆ ಅದೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಹೆತ್ತವರೇ ಇರಬೇಕು. ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರು ಇರಬೇಕು. ನಮ್ಮ ಶಾಲೆಯಲ್ಲೂ ಸಮಿತಿ ಉಂಟು. ಮೀಟಿಂಗಿನಲ್ಲಿ ಚಹಾ ಕುಡಿದು ವಾರ್ಷಿಕೋತ್ಸವದ ಪೆಂಡಾಲಿನ ಖರ್ಚು ಮಾತಾಡಿ ಏಳುತ್ತಾರೆ.

ಹೆಡ್ ಮಾಸ್ಟ್ರ ಹತ್ತಿರ ಹೋಗಿ ಕೇಳಿದೆ. "ಮಾಷ್ಟ್ರೇ, ಅವಳಿಗೆ ಅರ್ಥ ಆಗದ್ದಕ್ಕೆ ನಿಲ್ಲಿಸಿದ್ದಾ, ಕೇಳದ್ದಕ್ಕೆ ನಿಲ್ಲಿಸಿದ್ದಾ?" ಅಂದೆ. ಅವರು ಕನ್ನಡದವರೇ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಕೈಯಲ್ಲಿ ಎಂತ ಉಂಟಮ್ಮ, ಪೋಸ್ಟಿಂಗ್ ಮೇಲಿಂದ ಬರುವುದು. ಇರುವುದು ಕೇರಳದಲ್ಲಿ ಅಲ್ವಾ, ಮಕ್ಕಳು ಮಲಯಾಳ ಕಲಿಯಲಿ" ಅಂದರು.

ಈ ಮಾತು ಕೇಳಿ ಕೇಳಿ ಸಾಕಾಗಿದೆ. ಮಲಯಾಳ ಕಲಿಯಬಾರದು ಅಂತ ನಾವು ಯಾವಾಗ ಹೇಳಿದ್ದೇವೆ? ನಮ್ಮ ಮಕ್ಕಳ ಹಾಗೆ ಭಾಷೆ ಕಲಿಯುವವರು ಎಲ್ಲಿದ್ದಾರೆ? ಒಬ್ಬರ ಮನೆಯಲ್ಲಿ ತುಳು, ಒಬ್ಬರದ್ದು ಬ್ಯಾರಿ, ಒಬ್ಬರದ್ದು ಕೊಂಕಣಿ, ಇನ್ನೊಬ್ಬರದ್ದು ಮರಾಟಿ, ಹವ್ಯಕರ ಮನೆಯ ಕನ್ನಡವೇ ಬೇರೆ. ಈ ಎಲ್ಲ ಮಕ್ಕಳೂ ಒಂದನೇ ಕ್ಲಾಸಿಗೆ ಬಂದು ಶಾಲೆಯ ಕನ್ನಡ ಕಲಿತು ಒಟ್ಟಾಗುತ್ತಾರೆ. ಅದಕ್ಕೇ ಅವರಿಗೆ ಒಂದು ವರ್ಷ ಬೇಕು. ಮಲಯಾಳ ಬಸ್ಸಿನಲ್ಲಿ, ಅಂಗಡಿಯಲ್ಲಿ, ಟಿವಿಯಲ್ಲಿ ನಿಧಾನವಾಗಿ ಬರುತ್ತದೆ, ಬಂದೇ ಬರುತ್ತದೆ. ಬರುವ ಮೊದಲೇ ಅದು ಬರಲಿಲ್ಲ ಅಂತ ಗೋಡೆಗೆ ಮುಖ ಮಾಡಿ ನಿಲ್ಲಿಸಿದರೆ ಆ ಭಾಷೆಯ ಮೇಲೆ ಮಗುವಿಗೆ ಪ್ರೀತಿ ಹುಟ್ಟುತ್ತದಾ?

1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಅದು ಕರ್ನಾಟಕಕ್ಕೆ ಸೇರಬೇಕಿತ್ತು ಅನ್ನುವ ಜಗಳವನ್ನು ನಾನು ಇಲ್ಲಿ ಎತ್ತುವುದಿಲ್ಲ. ಆದರೆ ಅದೇ 1956ರಲ್ಲಿ ಸಂವಿಧಾನಕ್ಕೆ 350ಎ ಅಂತ ಒಂದು ವಿಧಿಯನ್ನೂ ಸೇರಿಸಿದರು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಕರ್ಯ ಕೊಡಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಅಂತ ಅದು ಹೇಳುತ್ತದೆ. ಗಡಿ ಎಳೆದಾಗ ಆಚೀಚೆ ಉಳಿಯುವ ನಮ್ಮಂಥವರ ಮಕ್ಕಳಿಗಾಗಿಯೇ ಮಾಡಿದ್ದು ಅದು. ಕನ್ನಡ ಮಾಧ್ಯಮ ಅಂತ ಬೋರ್ಡ್ ಹಾಕಿ ಒಳಗೆ ಕನ್ನಡ ಬಾರದವರನ್ನು ಕೂರಿಸಿದರೆ ಸೌಕರ್ಯ ಕೊಟ್ಟ ಹಾಗಾಯಿತಾ?

ಶಿಕ್ಷಣ ಹಕ್ಕು ಕಾಯ್ದೆ ಇನ್ನೂ ಸ್ಪಷ್ಟವಾಗಿದೆ. 17ನೇ ಸೆಕ್ಷನ್: ಮಗುವಿಗೆ ದೈಹಿಕ ಶಿಕ್ಷೆ ಕೊಡಬಾರದು, ಮಾನಸಿಕ ಕಿರುಕುಳವನ್ನೂ ಕೊಡಬಾರದು. ಹೊಡೆಯದಿದ್ದರೆ ಸಾಕು ಅಂತ ಎಷ್ಟೋ ಶಾಲೆಯವರು ತಿಳಿದುಕೊಂಡಿದ್ದಾರೆ. ಎಲ್ಲರ ಎದುರು ನಿಲ್ಲಿಸಿ ಅವಮಾನ ಮಾಡುವುದು ಕಿರುಕುಳ ಅಲ್ಲದೆ ಮತ್ತೇನು? 29ನೇ ಸೆಕ್ಷನ್ನಿನಲ್ಲಿ ಕಲಿಕೆ ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯಲ್ಲಿರಬೇಕು ಅಂತ ಇದೆ. ಅದರ ಬೆನ್ನಿಗೇ ಇನ್ನೊಂದು ಮಾತಿದೆ. ಮಗುವಿಗೆ ಹೆದರಿಕೆ, ಆತಂಕ ಇರಬಾರದು, ತನ್ನ ಮನಸ್ಸಿನಲ್ಲಿರುವುದನ್ನು ಬಿಚ್ಚಿ ಹೇಳಲು ಶಾಲೆ ನೆರವಾಗಬೇಕು. ನನ್ನ ಮಗಳು ನಳ್ಳಿಯ ಹತ್ತಿರ ಬಿಚ್ಚಿ ಹೇಳಲು ಹೋದಳು. ಸಿಕ್ಕಿದ್ದು ಜಗಲಿಯ ಗೋಡೆ.

ನಮ್ಮವರ ಮೇಲೂ ನನಗೆ ಸಿಟ್ಟಿದೆ. ಶಾಲೆಯ ಗೇಟಿನ ಹತ್ತಿರ ಈ ವಿಷಯ ಹೇಳಿದರೆ ಒಬ್ಬರು, "ನಮ್ಮ ಕಾಲದಲ್ಲಿ ಬೆತ್ತದ ಪೆಟ್ಟು ತಿಂದು ಕಲಿತಿಲ್ವಾ, ನಿಂತರೆ ಎಂತ ಆಗ್ತದೆ ಮಾರಾಯ್ತಿ" ಅಂದರು. ಪೆಟ್ಟು ತಿಂದ ಕಾಲದಲ್ಲಿ ಯಾಕೆ ತಿಂದದ್ದು ಅಂತಲಾದರೂ ಗೊತ್ತಿತ್ತು. ಹೋಂವರ್ಕ್ ಮಾಡದ್ದಕ್ಕೆ, ಮಗ್ಗಿ ತಪ್ಪಿದ್ದಕ್ಕೆ. ಈಗಿನ ಈ ಮಕ್ಕಳಿಗೆ ತಪ್ಪು ಯಾವುದು ಅಂತಲೇ ತಿಳಿಯುವುದಿಲ್ಲ. ಇನ್ನೊಬ್ಬರು, "ಸುಮ್ನೆ ದೊಡ್ಡದು ಮಾಡಬೇಡಿ, ಮತ್ತೆ ಮಗುವಿನ ಮೇಲೆ ಹಗೆ ಸಾಧಿಸ್ತಾರೆ" ಅಂತ ಹೆದರಿಸಿದರು. ಈ ಹೆದರಿಕೆಗೇ ಒಬ್ಬೊಬ್ಬರಾಗಿ ಮಕ್ಕಳನ್ನು ಬಿಡಿಸಿ ಇಂಗ್ಲಿಷ್ ಮೀಡಿಯಂಗೆ ಹಾಕುತ್ತಿದ್ದಾರೆ. ಮಕ್ಕಳ ಸಂಖ್ಯೆ ಇಳಿದರೆ ಕ್ಲಾಸಿನ ಡಿವಿಷನ್ ಹೋಗುತ್ತದೆ, ಡಿವಿಷನ್ ಹೋದರೆ ಟೀಚರ ಪೋಸ್ಟ್ ಹೋಗುತ್ತದೆ. ಕೊನೆಗೆ "ಕನ್ನಡಕ್ಕೆ ಮಕ್ಕಳೇ ಇಲ್ಲ" ಅಂತ ಬರೆದು ಕಳಿಸುತ್ತಾರೆ.

ಮಗಳು ಈಗ ಶಾಲೆಯ ಸುದ್ದಿ ಹೇಳುವುದು ಕಡಿಮೆ ಮಾಡಿದ್ದಾಳೆ. ಮೊದಲು ಬ್ಯಾಗು ಇಡುವ ಮೊದಲೇ ಶುರು ಮಾಡುತ್ತಿದ್ದಳು. ಮೊನ್ನೆ ಊಟಕ್ಕೆ ಕೂತಾಗ "ಅಮ್ಮ, ನಾನು ಪೋಕ್ರಿಯಾ?" ಅಂತ ಕೇಳಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾನು ಕೇಳುವುದು ದೊಡ್ಡ ವಿಷಯ ಏನಲ್ಲ. ಒಂದರಿಂದ ನಾಲ್ಕರವರೆಗಿನ ಕನ್ನಡ ಕ್ಲಾಸುಗಳಿಗೆ ಕನ್ನಡ ಮಾತಾಡಲು, ಓದಲು, ಬರೆಯಲು ಬರುವ ಕ್ಲಾಸ್ ಟೀಚರ್ ಕೊಡಿ. ಅಲ್ಲಿಯವರೆಗೆ, ಮಕ್ಕಳ ನಡುವೆ ಜಗಳವೋ ದೂರೋ ಬಂದರೆ ಕನ್ನಡ ಬರುವ ಇನ್ನೊಬ್ಬ ಟೀಚರನ್ನು ಕರೆದು ಎರಡೂ ಕಡೆ ಕೇಳಿ. ಕೇಳದೆ ಯಾರನ್ನೂ ಹೊರಗೆ ನಿಲ್ಲಿಸಬೇಡಿ. ಡೈರಿಯಲ್ಲಿ ಬರೆಯುವುದು, ಮನೆಗೆ ಕಳಿಸುವ ನೋಟಿಸು, ನಿಯಮದ ಹಾಳೆ ಎಲ್ಲ ಕನ್ನಡದಲ್ಲಿರಲಿ. ಟಾಯ್ಲೆಟ್ಟಿಗೆ ಹೋಗಲು ಒಂದು ಕೈಸನ್ನೆ ಗೊತ್ತು ಮಾಡಿ, ಬಾಯಿ ಬಿಟ್ಟು ಕೇಳುವ ಕಷ್ಟವಾದರೂ ತಪ್ಪಲಿ. ಇದಕ್ಕೆ ಮೇಲಿನ ಆರ್ಡರ್ ಬೇಡ, ಒಂದು ಪೈಸೆ ಖರ್ಚೂ ಇಲ್ಲ. ನಾಳೆಯೇ ಮಾಡಬಹುದು.

ಎ.ಇ.ಒ. (ಸಹಾಯಕ ಶಿಕ್ಷಣಾಧಿಕಾರಿ) ಆಫೀಸಿಗೆ ಕೊಡಲು ಅರ್ಜಿ ಬರೆದಿಟ್ಟಿದ್ದೇನೆ, ಕನ್ನಡದಲ್ಲೇ. ಅಹವಾಲನ್ನು ಯಾವ ಅಧಿಕಾರಿಗೇ ಆಗಲಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡಬಹುದು ಅಂತ ಸಂವಿಧಾನದ 350ನೇ ವಿಧಿಯಲ್ಲಿದೆ. ಹಾಗಾಗಿ "ಮಲಯಾಳದಲ್ಲಿ ಬರೆದು ತನ್ನಿ" ಅಂತ ಕೌಂಟರಿನಲ್ಲಿ ವಾಪಸ್ ಕಳಿಸಿದರೆ ಒಪ್ಪಬೇಡಿ. ನಿಯಮದ ಹಾಳೆಗೆ ನಾನು ಸಹಿ ಹಾಕಿಲ್ಲ, ಕನ್ನಡದಲ್ಲಿ ಬರುವ ತನಕ ಹಾಕುವುದೂ ಇಲ್ಲ. ನಮ್ಮ ಶಾಲೆಯ ಹೆತ್ತವರು ಇದನ್ನು ಓದುತ್ತಿದ್ದರೆ ಶನಿವಾರದ ಪಿಟಿಎ ಮೀಟಿಂಗಿಗೆ ಅರ್ಧ ಗಂಟೆ ಮೊದಲೇ ಬನ್ನಿ. ಅರ್ಜಿಯಲ್ಲಿ ನನ್ನ ಹೆಸರಿನ ಕೆಳಗೆ ಜಾಗ ಬಿಟ್ಟಿದ್ದೇನೆ.