ಬೇವು ಗೊತ್ತು, ಹುಳ ಗೊತ್ತಿಲ್ಲ

ಮೂರು ವರ್ಷದ ಹಿಂದೆ ನಮ್ಮ ಕರುವನ್ನು ನಾನು ಹೆಚ್ಚೂಕಮ್ಮಿ ಕೊಂದೇಬಿಟ್ಟಿದ್ದೆ. ಅದೂ ಪೂರ್ತಿ ನೈಸರ್ಗಿಕ ವಿಧಾನದಲ್ಲಿ!

ಜರ್ಸಿ ಕ್ರಾಸ್ ಕರು ಅದು. ಕಿವಿಯೊಳಗೆ, ತೊಡೆ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿ. ರಕ್ತ ಕುಡಿದು ಔಡಲ ಬೀಜದ ಹಾಗೆ ಉಬ್ಬಿದ್ದವು. ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂದಿತ್ತು. ಹೊಗೆಸೊಪ್ಪು ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರು ಹಚ್ಚಿ, ಉಣ್ಣಿ ಮಾಯ. ಎಷ್ಟು ಸೊಪ್ಪು, ಎಷ್ಟು ನೀರು ಅಂತ ಅದರಲ್ಲಿ ಹೇಳಿರಲಿಲ್ಲ. ನಾನು ಅಜ್ಜನ ಚೀಲ ಖಾಲಿ ಮಾಡಿದೆ. ನೀರು ಕಡಕ್ ಚಹಾದ ಬಣ್ಣಕ್ಕೆ ಬಂದಿತ್ತು. ಮೈತುಂಬ ತಿಕ್ಕಿದೆ. ಕರು ಸುಮ್ನೆ ಇರುತ್ತಾ? ಮೈ ನೆಕ್ಕಿಕೊಂಡಿತು. ಸ್ವಲ್ಪ ಹೊತ್ತಿಗೆ ಬಾಯಲ್ಲಿ ಜೊಲ್ಲು. ಆಮೇಲೆ ಮೈ ನಡುಕ. ಹಿಂಗಾಲು ಒಂದಕ್ಕೊಂದು ತೊಡರಿ ಗೋದಲಿ ಪಕ್ಕ ಕುಸಿದು ಕೂತಿತು.

ಅಜ್ಜ ಓಡಿ ಬಂದವನು ಮೊದಲು ನನ್ನನ್ನು ಬೈದ. "ಲೇ ತಮ್ಮಾ, ನಾ ಒಂದು ಚಿಟಿಕಿ ಜಾಸ್ತಿ ಹಾಕ್ಕೊಂಡ್ರ ತಲಿ ತಿರುಗತೈತಿ. ಅದಕ್ಕ ಬಕೆಟ್‌ಗಟ್ಲೆ ಹೊಯ್ದೀಯಲ್ಲೋ!" ಕೊಡಗಟ್ಟಲೆ ನೀರು ಸುರಿದು ತೊಳೆದೆವು. ಡಾಕ್ಟರ್ ಬಂದರು. ಸಂಜೆ ಹೊತ್ತಿಗೆ ಎದ್ದು ನಿಂತಿತು, ನಮ್ಮ ಪುಣ್ಯ. ಹೊಗೆಸೊಪ್ಪಿನ ನಿಕೋಟಿನ್ ಚರ್ಮದಿಂದಲೂ ಒಳಗೆ ಹೋಗುತ್ತದೆ, ಕರುವಿಗೆ ಅದು ವಿಷ ಅಂತ ಅವತ್ತು ಗೊತ್ತಾಯಿತು.

ಇದನ್ನು ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ಮಳೆ ಬಿದ್ದಿದೆ. ನಮ್ಮ ರೈತರ ಗುಂಪಿನಲ್ಲಿ ಮತ್ತೆ ಅದೇ ಜಗಳ ಶುರುವಾಗಿದೆ. ಒಬ್ಬರು "ಬೇವು ಇದ್ದರೆ ಸಾಕು, ಇಂಗ್ಲಿಷ್ ಔಷಧಿ ಎಲ್ಲ ವಿಷ" ಅಂತಾರೆ. ಇನ್ನೊಬ್ಬರು "ಸೊಪ್ಪು ಸದೆ ಎಲ್ಲ ಮೂಢನಂಬಿಕೆ" ಅಂತಾರೆ. ನನಗೆ ಇಬ್ಬರ ಮೇಲೂ ಸಿಟ್ಟು ಬರುತ್ತದೆ. 2015ರ ವೈದ್ಯಕೀಯ ನೊಬೆಲ್ ನೆನಪಿಸಿಕೊಳ್ಳಿ. ಅರ್ಧ ಬಹುಮಾನ ಚೀನಾದ ತು ಯೂಯೂ ಅವರಿಗೆ. ಮಲೇರಿಯಾ ಔಷಧಿಯನ್ನು ಅವರು ತೆಗೆದದ್ದು ಅಲ್ಲಿನ ಹಳೇ ನಾಟಿ ಮದ್ದಿನ ಗಿಡದಿಂದ. ಇನ್ನರ್ಧ ಹುಳದ ಔಷಧಿ ಐವರ್‌ಮೆಕ್ಟಿನ್ ಕಂಡುಹಿಡಿದ ಇಬ್ಬರಿಗೆ. ನಾವು ಕುರಿಗೆ ಚುಚ್ಚಿಸುವ ಆ ಐವರ್‌ಮೆಕ್ಟಿನ್ ಮೂಲ ಏನು ಗೊತ್ತಾ? ಜಪಾನಿನ ಮಣ್ಣಲ್ಲಿ ಸಿಕ್ಕ ಒಂದು ಸೂಕ್ಷ್ಮಜೀವಿ. ನಾಟಿ ಯಾವುದು, ಇಂಗ್ಲಿಷ್ ಯಾವುದು, ನೀವೇ ಹೇಳಿ.

ಗಿಡ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಮಾಡಲ್ಲ ಅನ್ನೋದೇ ನನಗೆ ಮುಖ್ಯ.

ಮೈ ಮೇಲಿನ ಉಣ್ಣಿಗೆ ಗಿಡದ ಮದ್ದು ಒಳ್ಳೆಯದು. ಇದು ನನ್ನ ಅನುಭವ. ರಾಷ್ಟ್ರೀಯ ಡೇರಿ ಮಂಡಳಿಯವರೇ ಒಂದು ಮಿಶ್ರಣ ಹೇಳಿಕೊಡುತ್ತಾರೆ. ಬೇವಿನ ಎಲೆ, ಬೇವಿನ ಹಣ್ಣು, ತುಳಸಿ, ಲಂಟಾನ ಎಲೆ ಒಂದೊಂದು ಹಿಡಿ, ಬೆಳ್ಳುಳ್ಳಿ 10 ಎಸಳು, ಬಜೆ 10 ಗ್ರಾಂ, ಅರಿಶಿನ 20 ಗ್ರಾಂ. ರುಬ್ಬಿ ಒಂದು ಲೀಟರ್ ನೀರಿಗೆ ಕಲಸಿ, ಸೋಸಿ ಸಿಂಪಡಿಸಬೇಕು. ಲಂಟಾನ ದನದ ಹೊಟ್ಟೆಗೆ ಹೋದರೆ ವಿಷ. ಸೋಸಿದ ಮೇಲೆ ಉಳಿಯುವ ಚರಟವನ್ನು ಗೋದಲಿ ಹತ್ತಿರ ಬಿಸಾಡಬೇಡಿ. ಬೇವಿನ ಸತ್ವ ಬಿಸಿಲಿಗೆ ಬೇಗ ಹೋಗುತ್ತದೆ. ಅದಕ್ಕೇ ನಾನು ಸಂಜೆ ಹೊಡೆಯುತ್ತೇನೆ, ಒಂದು ಸಲಕ್ಕೆ ನಿಲ್ಲಿಸಲ್ಲ. ಸೀತಾಫಲದ ಬೀಜದ ಪುಡಿಯೂ ಹೇನಿಗೆ ಜೋರು. ಆದರೆ ಕಣ್ಣಿಗೆ ಬಿದ್ದರೆ ಕಷ್ಟ, ದನದ್ದಾಗಲಿ ನಿಮ್ಮದಾಗಲಿ.

ದನದ ಮೈಗೆ ಹೊಡೆದು ಸುಮ್ಮನಾದರೆ ಅರ್ಧ ಕೆಲಸವೂ ಆಗಿಲ್ಲ. ಹೊಟ್ಟೆ ತುಂಬಿದ ಹೆಣ್ಣು ಉಣ್ಣಿ ಉದುರಿ ಗೋಡೆ ಬಿರುಕಿಗೆ ಸೇರುತ್ತದೆ. ಅಲ್ಲಿ ಎರಡು ಸಾವಿರಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ನಮ್ಮ ಕೊಪ್ಪಳ ಕಡೆಯ ಹಳೇ ಮನೆಗಳಲ್ಲಿ ದನ ಕಟ್ಟುವುದು ಮನೆಯೊಳಗೇ. ಕಲ್ಲು ಮಣ್ಣಿನ ಗೋಡೆ, ತುಂಬ ಸಂದು. ನಾನು ಆ ಸಂದುಗಳಿಗೆಲ್ಲ ಸಿಂಪಡಿಸಿ, ಆಮೇಲೆ ಮಣ್ಣು ಮೆತ್ತಿದೆ. ಕೋಳಿಗಳನ್ನೂ ಒಳಗೆ ಬಿಡುತ್ತೇನೆ. ಉದುರಿದ ಉಣ್ಣಿಯನ್ನು ಅವು ಕಾಳಿನ ಹಾಗೆ ಆರಿಸಿ ತಿನ್ನುತ್ತವೆ. ಕರುವಿಗೆ ಜ್ವರ ಬಂದು, ಮೂತ್ರ ಕೆಂಪಾದರೆ ಮಾತ್ರ ಬಜೆ ಅರೆಯುತ್ತಾ ಕೂರಬೇಡಿ. ಅದು ಉಣ್ಣಿ ಜ್ವರ ಇರಬಹುದು. ಡಾಕ್ಟರಿಗೆ ಫೋನ್ ಮಾಡಿ.

ಹೊಟ್ಟೆಯೊಳಗಿನ ಹುಳದ ಕತೆ ಬೇರೆ. ಕುರಿಯ ನಾಲ್ಕನೇ ಹೊಟ್ಟೆಯಲ್ಲಿ ಒಂದು ಹುಳ ಇರುತ್ತದೆ. ಎರಡು ಮೂರು ಸೆಂಟಿಮೀಟರ್ ಉದ್ದ, ಬಿಳಿ ಕೆಂಪು ದಾರ ಹೊಸೆದ ಹಾಗೆ. ಒಂದೊಂದು ಹುಳವೂ ದಿನಕ್ಕೆ ಸುಮಾರು 0.05 ಮಿ.ಲೀ. ರಕ್ತ ಹೀರುತ್ತದೆ. ಇಷ್ಟೇನಾ ಅನ್ನಿಸುತ್ತೆ. ಐದು ಸಾವಿರ ಹುಳ ಇದ್ದರೆ ದಿನಕ್ಕೆ ಕಾಲು ಲೀಟರ್! ಕುರಿ ಬಿಳಿಚಿಕೊಳ್ಳುತ್ತದೆ, ಗದ್ದದ ಕೆಳಗೆ ನೀರು ತುಂಬಿ ಜೋತುಬೀಳುತ್ತದೆ, ಒಂದು ದಿನ ಮಂದೆಯ ಹಿಂದೆ ಉಳಿದುಬಿಡುತ್ತದೆ. ಆ ಹಂತದಲ್ಲಿ ಬೇವಿನ ರಸ ಕುಡಿಸಿ ಕಾಯುವುದು ತಪ್ಪು. ಬೇವು, ಮುತ್ತುಗದ ಬೀಜ, ಬೆಳ್ಳುಳ್ಳಿ ಇವೆಲ್ಲ ಪ್ರಯೋಗಾಲಯದ ತಟ್ಟೆಯಲ್ಲಿ ಹುಳದ ಮೊಟ್ಟೆ, ಮರಿಗಳನ್ನು ಕೊಲ್ಲುತ್ತವೆ, ಸುಳ್ಳಲ್ಲ. ಆದರೆ ಕುರಿಯ ದೊಡ್ಡ ಹೊಟ್ಟೆ ತಟ್ಟೆಯಲ್ಲ. ಲೀಟರ್‌ಗಟ್ಟಲೆ ಮೇವು ನೀರಿನಲ್ಲಿ ಆ ಒಂದು ಲೋಟ ರಸ ಕಲಸಿಹೋಗುತ್ತದೆ. ಜಾಲಿ ಕಾಯಿ, ಜಾಲಿ ಸೊಪ್ಪಿನ ಒಗರು ಹುಳದ ಕಾಟ ಸ್ವಲ್ಪ ತಗ್ಗಿಸುತ್ತದೆ. ಅದನ್ನು ಮೇವಿನ ಜೊತೆ ಮೊದಲಿನಿಂದಲೂ ಕೊಡಬೇಕು. ಕುರಿ ಬಿದ್ದ ಮೇಲೆ ಅಲ್ಲ.

ಹಾಗಂತ ಇಂಗ್ಲಿಷ್ ಔಷಧಿಯವರೂ ಮೀಸೆ ತಿರುವಬೇಕಿಲ್ಲ. ಈ ಹುಳಕ್ಕೆ ಥಯಾಬೆಂಡಜೋಲ್ ಅನ್ನೋ ಔಷಧಿ ಮಾರುಕಟ್ಟೆಗೆ ಬಂದದ್ದು 1961ರಲ್ಲಿ. 1964ಕ್ಕೇ ಅದಕ್ಕೆ ಜಗ್ಗದ ಹುಳ ಸಿಕ್ಕವು. ನಾವು ಹಾಕುವ ಅಲ್ಬೆಂಡಜೋಲ್ ಅದರದ್ದೇ ವಂಶ. ತೂಕ ನೋಡಲ್ಲ, ಮರಿಗೂ ಟಗರಿಗೂ ಒಂದೊಂದು ಮುಚ್ಚಳ, ಇಡೀ ಮಂದೆಗೆ ಒಂದೇ ದಿನ. ಹುಳಕ್ಕೆ ನಾವೇ ಪಾಠ ಹೇಳಿಕೊಟ್ಟ ಹಾಗಾಯಿತು.

ಕಾಲುವೆ ಕಡೆಯ ಹುಳ ಇನ್ನೊಂದು. ಕುಷ್ಟಗಿ, ಯಲಬುರ್ಗಾದ ಮಂದೆಗಳು ಭತ್ತ ಕೊಯ್ದ ಮೇಲೆ ಗಂಗಾವತಿ, ಸಿಂಧನೂರು ಕಡೆ ಇಳಿಯುತ್ತವೆ. ತುಂಗಭದ್ರಾ ನೀರಿನ ಗದ್ದೆ, ನಿಂತ ನೀರು, ಸಣ್ಣ ಬಸವನಹುಳ. ಆ ಬಸವನಹುಳದಿಂದ ಹುಲ್ಲಿಗೆ, ಹುಲ್ಲಿನಿಂದ ಕುರಿಯ ಈಲಿಗೆ (ಲಿವರ್) ಎಲೆಯಂಥ ಚಪ್ಪಟೆ ಹುಳ. ಐವರ್‌ಮೆಕ್ಟಿನ್ ಎಷ್ಟು ಚುಚ್ಚಿದರೂ ಅದಕ್ಕೆ ಏನೂ ಆಗಲ್ಲ. ಯಾವ ಹುಳ ಅಂತ ಗೊತ್ತಿಲ್ಲದೆ ಮದ್ದಿನ ಬಗ್ಗೆ ಜಗಳ ಆಡಿ ಏನು ಪ್ರಯೋಜನ?

ಅಜ್ಜನಿಗೆ ಹುಳದ ಹೆಸರು ಗೊತ್ತಿರಲಿಲ್ಲ. ಆದರೆ ಇಬ್ಬನಿ ಆರುವ ಮುಂಚೆ ಕುರಿ ಬಿಡುತ್ತಿರಲಿಲ್ಲ. ಕೆರೆಯಂಗಳದ ಹಸಿರು ಹುಲ್ಲಿಗೆ ಹೋಗಲು ಬಿಡುತ್ತಿರಲಿಲ್ಲ. ಒಂದು ಹೊಲದಲ್ಲಿ ಮೂರು ರಾತ್ರಿ ಮಂದೆ ನಿಲ್ಲಿಸಿದರೆ ನಾಲ್ಕನೇ ದಿನ ಮುಂದಿನ ಹೊಲ. ಹಿಕ್ಕೆಯೊಳಗಿನ ಮೊಟ್ಟೆ ಒಡೆದು, ಮರಿಹುಳ ಹುಲ್ಲು ಹತ್ತಲು ಸೆಕೆ ಮಳೆಯಲ್ಲಿ ಒಂದು ವಾರ ಬೇಕು. ಅಷ್ಟರಲ್ಲಿ ಅಜ್ಜನ ಮಂದೆ ಎರಡು ಊರು ದಾಟಿರುತ್ತಿತ್ತು. ಅಜ್ಜನ ಕಾಲದ ಮದ್ದು ಅಂತ ನಾವು ಬರೀ ಸೊಪ್ಪನ್ನು ನೆನಪಿಟ್ಟುಕೊಂಡಿದ್ದೇವೆ. ಈಗ ನಮ್ಮ ಮಂದೆ ಅದೇ ಬೇಲಿಯೊಳಗೆ, ಅದೇ ಹಿಕ್ಕೆಯ ಮೇಲೆ, ಅದೇ ಹುಲ್ಲು ತಿನ್ನುತ್ತದೆ.

ಇನ್ನೊಂದು ಕೆಲಸವನ್ನೂ ಅಜ್ಜ ಮಾಡುತ್ತಿದ್ದ. ಕುರಿ ಕೊಳ್ಳುವಾಗ ಹೆಬ್ಬೆರಳಲ್ಲಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಿದ್ದ. ಕೆಂಪಿದ್ದರೆ ಖರೀದಿ, ಬಿಳಿಚಿದ್ದರೆ ಚೌಕಾಸಿ. ದಕ್ಷಿಣ ಆಫ್ರಿಕಾದವರು ಇದನ್ನೇ ಐದು ಬಣ್ಣದ ಕಾರ್ಡ್ ಮಾಡಿದರು. ಹೆಸರು ಫಮಾಚಾ. ಕಣ್ಣು ಬಿಳಿಚಿದ ಕುರಿಗೆ ಮಾತ್ರ ಔಷಧಿ, ಉಳಿದವಕ್ಕೆ ಬೇಡ.

ಹೋದ ಭಾನುವಾರ ನಾನೂ ಅಪ್ಪನೂ 38 ಕುರಿಗಳ ರೆಪ್ಪೆ ಎಳೆದೆವು. ಅಪ್ಪ ಹಿಡಿಯೋದು, ನಾನು ನೋಡೋದು. ಬಿಸಿಲಲ್ಲೇ ನೋಡಬೇಕು, ಕೊಟ್ಟಿಗೆ ಕತ್ತಲಲ್ಲಿ ಎಲ್ಲವೂ ಬಿಳಿಚೇ ಕಾಣುತ್ತವೆ. ಆರು ಸಿಕ್ಕವು. ಆರರ ಹಿಕ್ಕೆಯನ್ನೂ ಡಬ್ಬಿಯಲ್ಲಿ ಹಾಕಿ ಪಶು ಆಸ್ಪತ್ರೆಗೆ ಒಯ್ದೆ. ತೂಕ ನೋಡಿ ಆ ಆರಕ್ಕೆ ಮಾತ್ರ ಗೊಟ್ಟದಲ್ಲಿ (ಬಾಯಿಗೆ ಔಷಧಿ ಹೊಯ್ಯುವ ಕೊಳವೆ) ಔಷಧಿ ಹಾಕಿದೆವು, ತಲೆ ಜಾಸ್ತಿ ಎತ್ತದೆ, ನಿಧಾನಕ್ಕೆ. ಶ್ವಾಸಕೋಶಕ್ಕೆ ಹೋದರೆ ಹುಳಕ್ಕಿಂತ ಮೊದಲು ಕುರಿ ಸಾಯುತ್ತದೆ. ಹದಿನಾಲ್ಕು ದಿನ ಬಿಟ್ಟು ಮತ್ತೆ ಹಿಕ್ಕೆ ತನ್ನಿ, ಮೊಟ್ಟೆ ಕಮ್ಮಿಯಾಗಿದೆಯಾ ನೋಡೋಣ ಅಂದಿದ್ದಾರೆ ಡಾಕ್ಟರ್. ಡಬ್ಬಿ ತೊಳೆದು ಕಿಟಕಿಯಲ್ಲಿ ಬೋರಲು ಹಾಕಿದ್ದೇನೆ.