ಕುಂಬಳಕಾಯಿಯೊಳಗಿನ ಕೊಳ್ಳಿದೆವ್ವ

2024ರ ದೀಪಾವಳಿಗೆ ಬೆಂಗಳೂರಿನಿಂದ ಬಂದ ತಮ್ಮನ ಮಗಳು ಚೀಲದಿಂದ ಒಂದು ಕುಂಬಳಕಾಯಿ ತೆಗೆದು ಜಗಲಿಯ ಮೇಲಿಟ್ಟಳು. ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆಯಿಂದ ಎರಡು ಮೈಲಿ ಒಳಗೆ. ಅಟ್ಟದ ಮೇಲೆ ಆಗಲೇ ಹದಿನಾಲ್ಕು ಸಿಹಿಗುಂಬಳ ಸಾಲಾಗಿ ಕೂತಿದ್ದವು. ಜಂತಿಯಿಂದ ಬಾಳೆನಾರಿನಲ್ಲಿ ನೇತಾಡುವ ಮೊಗೆಕಾಯಿಗಳು ಬೇರೆ. ಇಂಥ ಮನೆಗೆ ಬೆಂಗಳೂರಿನಿಂದ ಕುಂಬಳಕಾಯಿ ಬರುವುದೆಂದರೆ ಮಲ್ಪೆಯವರಿಗೆ ಮೀನು ಕಳಿಸಿದ ಹಾಗೆ.

ಅಮ್ಮನಿಗೆ ಎಂಬತ್ತೊಂದು. ಕುಂಬಳಕಾಯಿ ಕಂಡರೆ ಬೆರಳು ಮಡಚಿ ತಟ್ಟಿ ನೋಡದೆ ಬಿಡುವವಳಲ್ಲ. ತಟ್ಟಿದಳು. ಖಾಲಿ ಡಬ್ಬದ ಸದ್ದು ಬಂತು. ಏಳೆಂಟು ಕೆಜಿ ಇರಬಹುದು ಅಂತ ಲೆಕ್ಕ ಹಾಕಿ, ಸೊಂಟ ಗಟ್ಟಿ ಮಾಡಿಕೊಂಡು ಎತ್ತಿದಳು. ಎತ್ತಿದ ರಭಸಕ್ಕೆ ಕಾಯಿ ತಲೆಯ ಮೇಲಕ್ಕೆ ಹೋಯಿತು.

“ಎಂತದೇ ಇದು, ದೆವ್ವ ತಿಂದ ಕಾಯಿ!”

“ಫೋಮ್‌ದು ಅಜ್ಜಿ. ಒಳಗೆ ಖಾಲಿ. ದೊಡ್ಡಪ್ಪ, ಇದರೊಳಗೆ ನಾವೊಂದು ಸ್ಮಶಾನ ಮಾಡಬೇಕು.”

ಹಬ್ಬದ ಹಿಂದುಮುಂದಿನಲ್ಲಿ ನಮ್ಮ ಮನೆಯಲ್ಲಿ ಯಾರೂ ಇಷ್ಟು ಖುಷಿಯಿಂದ ಈ ಮಾತು ಆಡಿರಲಿಲ್ಲ. ಅಮ್ಮ ಎದ್ದು ಒಳಗೆ ಹೋದಳು. ಆದರೆ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು ಅನ್ನುವುದು ನನಗೆ ಗೊತ್ತು.

ಪುಟ್ಟಿಗೆ ಹನ್ನೊಂದು ವರ್ಷ. ಅವರ ಅಪಾರ್ಟ್‌ಮೆಂಟಿನ ಮಕ್ಕಳು ಭಾನುವಾರ ಹ್ಯಾಲೋವೀನ್ ಮಾಡುತ್ತಾರಂತೆ. ಅಸಲು ಹ್ಯಾಲೋವೀನ್ ಅಕ್ಟೋಬರ್ 31ರ ರಾತ್ರಿ. ಮರುದಿನ ಕ್ರೈಸ್ತರಿಗೆ ಸಕಲ ಸಂತರ ದಿನ, ನಮಗೆ ರಾಜ್ಯೋತ್ಸವ. ಅದಕ್ಕೂ ಮೊದಲು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಜನ ಸುಗ್ಗಿ ಮುಗಿದು ಚಳಿಗಾಲ ಹೊಕ್ಕುವ ಹೊತ್ತಿಗೆ ಒಂದು ಹಬ್ಬ ಮಾಡುತ್ತಿದ್ದರು. ಅದರ ಹೆಸರನ್ನು ಅವರು ಹೇಳುವುದು ಕೇಳಿದರೆ ನಮ್ಮ ಕಿವಿಗೆ ‘ಸಾವಿನ್’ ಅಂತಲೇ ಬೀಳುತ್ತದೆ. ಸುಮ್ನೆ ಕಾಕತಾಳೀಯ. ಆದರೂ ಹಬ್ಬಕ್ಕೆ ಒಪ್ಪುವ ಹೆಸರೇ, ಏಕೆಂದರೆ ಆ ರಾತ್ರಿ ಸತ್ತವರು ತಿರುಗಿ ಬರುತ್ತಾರೆ ಅನ್ನುವುದು ಅವರ ನಂಬಿಕೆ. ನಮ್ಮಲ್ಲೂ ಬರುತ್ತಾರೆ, ಪಕ್ಷಮಾಸದಲ್ಲಿ. ಆದರೆ ನಾವು ಹೆದರುವುದಿಲ್ಲ, ಎಲೆ ಹಾಕಿ ಬಡಿಸುತ್ತೇವೆ. ಉಂಡು ಹೋಗುತ್ತಾರೆ.

ಹ್ಯಾಲೋವೀನಿಗೆ ಅವರು ಇಡುವ ಕುಂಬಳದ ದೀಪದ ಕಥೆಯೂ ಚೆನ್ನಾಗಿದೆ. ಜ್ಯಾಕ್ ಎಂಬ ಜಿಪುಣ ಸೈತಾನನಿಗೇ ಮೋಸ ಮಾಡಿದ. ಸತ್ತ ಮೇಲೆ ಸ್ವರ್ಗದವರು ಸೇರಿಸಲಿಲ್ಲ, ನರಕದವರೂ ಬಾಗಿಲು ಹಾಕಿಕೊಂಡರು. ಸೈತಾನ ಒಂದು ಕೆಂಡ ಮಾತ್ರ ಕೊಟ್ಟ. ಅದನ್ನು ಒಂದು ಟರ್ನಿಪ್ ಗಡ್ಡೆಯನ್ನು ಟೊಳ್ಳು ಮಾಡಿ ಒಳಗಿಟ್ಟುಕೊಂಡು ಜ್ಯಾಕ್ ಇವತ್ತಿಗೂ ಕತ್ತಲಲ್ಲಿ ಅಲೆಯುತ್ತಿದ್ದಾನೆ. ಹೌದು, ಗಡ್ಡೆಯೇ. ನವಿಲುಕೋಸಿನ ನೆಂಟನಂಥ ಗಡ್ಡೆ. ಅದನ್ನು ಕೆತ್ತಿ ಕಣ್ಣು ಬಾಯಿ ಮಾಡಿ ಕಿಟಕಿಯಲ್ಲಿಡುತ್ತಿದ್ದರು. 19ನೇ ಶತಮಾನದಲ್ಲಿ ಐರಿಷ್ ಜನ ಹಿಂಡುಹಿಂಡಾಗಿ ಅಮೆರಿಕಕ್ಕೆ ಹೋದರು. ಅಲ್ಲಿ ನೋಡಿದರೆ ಹೊಲದ ತುಂಬ ಕುಂಬಳ. ಗಡ್ಡೆಗಿಂತ ದೊಡ್ಡದು, ಕೆತ್ತಲು ಮೆತ್ತಗೆ. ಗಡ್ಡೆ ಹೋಯಿತು, ಕುಂಬಳ ಬಂತು.

ಕಿತ್ತಳೆ ಬಣ್ಣದ ನಮ್ಮ ಸಿಹಿಗುಂಬಳದ ಮೂಲವೂ ಅಮೆರಿಕ ಖಂಡವೇ ಅಂತ ನಾನು ಬಾಯಿ ತಪ್ಪಿ ಹೇಳಿಬಿಟ್ಟೆ. ಬಾಗಿಲ ಹಿಂದಿನಿಂದ ಧ್ವನಿ ಬಂತು. “ನನ್ನ ಅತ್ತೆಯ ಕಾಲದಿಂದ ಹಿತ್ತಲಲ್ಲಿ ಆಗ್ತಿದೆ. ಅಮೆರಿಕದ್ದಂತೆ!” ಬೂದುಗುಂಬಳ ಮಾತ್ರ ನಮ್ಮ ಏಷ್ಯಾದ್ದೇ ಅಮ್ಮ ಅಂತ ಸಮಾಧಾನ ಮಾಡಿದೆ. ಅದಕ್ಕೇ ಇರಬೇಕು, ಆಯುಧಪೂಜೆಯಲ್ಲಿ ಒಡೆಸಿಕೊಳ್ಳುವ ಪಾಳಿ ಅದರದ್ದು.

ಕೆಲಸ ಶುರುವಾದದ್ದು ಜಗಳದಿಂದ. ಪುಟ್ಟಿ ಕಟರ್ ಹಿಡಿದು ಕೂತಳು. ಅಮ್ಮ ಹೊರಗೆ ಬಂದು ಕಸಿದುಕೊಂಡಳು. ಇಡೀ ಕುಂಬಳಕಾಯಿಗೆ ಹೆಣ್ಣುಮಕ್ಕಳು ಮೊದಲ ಕತ್ತಿ ಹಾಕಬಾರದು. “ಇದು ಫೋಮ್ ಅಜ್ಜಿ.” “ಎಂತದೇ ಆಗಲಿ, ಹೆಸರು ಕುಂಬಳಕಾಯಿ ತಾನೆ?” ಕಡೆಗೆ ಮೊದಲ ಗೀರು ನಾನು ಹಾಕಿದೆ. ಉಳಿದದ್ದನ್ನು ಪುಟ್ಟಿ ಕೊಯ್ದಳು. ಮುಂಭಾಗದಲ್ಲಿ ಅಂಗೈ ಅಗಲದ ಒಂದು ಕಿಟಕಿ. ಕೊಯ್ಯುವಾಗ ಉದುರುವ ಬಿಳಿ ಪುಡಿ ಕೈಗೆ, ಕೂದಲಿಗೆ, ಬೆಕ್ಕಿನ ಮೀಸೆಗೆ ಅಂಟಿಕೊಂಡು ಕೊಡವಿದರೂ ಹೋಗುವುದಿಲ್ಲ. ಸಾಗರ, ಸೊರಬದ ಗುಡಿಗಾರರು ಬಾಸಿಂಗಕ್ಕೆ ಬಳಸುವ ಬೆಂಡು ನೆನಪಾಯಿತು. ಅದೂ ಇಷ್ಟೇ ಹಗುರ. ಅವರ ಕೈಗೆ ಈ ಕಾಯಿ ಸಿಕ್ಕಿದ್ದರೆ ಒಳಗೆ ಇಡೀ ದಶಾವತಾರವನ್ನೇ ಕೂರಿಸುತ್ತಿದ್ದರು. ನಮ್ಮ ಕಿಟಕಿ ಮಾತ್ರ ಇಲಿ ಕಡಿದ ಹಾಗೆ ಬಂತು. ಹಳೇ ಸ್ಮಶಾನ ಅಲ್ವಾ, ಹೀಗೇ ಇರಬೇಕು ಅಂದುಕೊಂಡೆವು.

ಒಳಗಿನ ಗೋಡೆ ಬೆಳ್ಳಗಿತ್ತು. ಬಿಳಿ ಗೋಡೆಯ ಮುಂದೆ ಯಾವ ದೆವ್ವವೂ ನಿಲ್ಲುವುದಿಲ್ಲ, ಕ್ಲಿನಿಕ್ಕಿನ ಹಾಗೆ ಕಾಣುತ್ತದೆ. ಕಪ್ಪು ಬಳಿಯಬೇಕು. ನನ್ನ ಬುದ್ಧಿವಂತಿಕೆ ನೋಡಿ, ಗೇಟಿಗೆ ಹೊಡೆದು ಉಳಿದಿದ್ದ ಸ್ಪ್ರೇ ಪೇಂಟಿನ ಡಬ್ಬ ತಂದೆ. ನೆಲಕ್ಕೆಂದು ಟಿವಿ ಡಬ್ಬದ ಥರ್ಮಾಕೋಲ್ ಕತ್ತರಿಸಿ ಇಟ್ಟಿದ್ದೆವು. ಮೊದಲು ಅದಕ್ಕೇ ಒಂದು ಸಲ ಪುಸ್ ಅನ್ನಿಸಿದೆ. ಕಣ್ಣೆದುರೇ ಥರ್ಮಾಕೋಲ್ ಬಿಸಿ ದೋಸೆ ಮೇಲಿನ ಬೆಣ್ಣೆಯ ಹಾಗೆ ಕರಗಿ ಕುಸಿಯಿತು. ಸ್ಪ್ರೇಯಲ್ಲಿರುವ ದ್ರಾವಕ ಥರ್ಮಾಕೋಲನ್ನು ತಿಂದುಬಿಡುತ್ತದೆ. ಪುಣ್ಯಕ್ಕೆ ಕಾಯಿಗೆ ಹೊಡೆದಿರಲಿಲ್ಲ. ಪುಟ್ಟಿ ಏನೂ ಅನ್ನಲಿಲ್ಲ. ತನ್ನ ಅಕ್ರಿಲಿಕ್ ಬಣ್ಣದ ಟ್ಯೂಬುಗಳನ್ನು ತಂದು ಸುಮ್ಮನೆ ನನ್ನ ಮುಂದಿಟ್ಟಳು. ಬೈದಿದ್ದರೆ ವಾಸಿಯಿತ್ತು.

ಆಮೇಲೆ ಸಾಮಾನು. ಅವಳ ಹತ್ತಿರ ಎರಡು ಇಂಚಿನ ಪ್ಲಾಸ್ಟಿಕ್ ಅಸ್ಥಿಪಂಜರಗಳ ಒಂದು ಪೊಟ್ಟಣ ಇತ್ತು. ಬಾಕಿಯದ್ದೆಲ್ಲ ನಮ್ಮ ಹಿತ್ತಲಿನದು. ಅಕ್ಟೋಬರ್ ಕೊನೆಯಲ್ಲಿ ಮಲೆನಾಡಿನಲ್ಲಿ ಪಾಚಿಗೆ ಬರವೇ? ಬಾವಿಕಟ್ಟೆಯಿಂದ ಅಂಗೈಯಷ್ಟು ಹಪ್ಪಳದ ಹಾಗೆ ಎದ್ದು ಬಂತು. ನೆಲಕ್ಕೆ ಹಾಸಿದೆವು. ಬೇಲಿಗೆ ಹಿಡಿಕಡ್ಡಿ. ಎಲೆ ಉದುರಿದ ಕಾಫಿ ಗಿಡದ ರೆಂಬೆಯನ್ನು ತಲೆಕೆಳಗಾಗಿ ನಿಲ್ಲಿಸಿದರೆ ನೂರು ವರ್ಷದ ಮುದಿ ಮರ. ಮಂಜಿಗೆ ಅಮ್ಮನ ಬತ್ತಿಯ ಹತ್ತಿ. ಹತ್ತಿಯನ್ನು ಎಷ್ಟು ಎಳೆಯುತ್ತೀರೋ ಅಷ್ಟು ಚೆನ್ನ. ಮುದ್ದೆಯಾಗಿಟ್ಟರೆ ಹತ್ತಿ, ಎಳೆದೆಳೆದು ಇನ್ನೇನು ಹರಿಯಬೇಕು ಅನ್ನುವಾಗ ಬಿಟ್ಟರೆ ಆಗುಂಬೆಯ ಮಂಜು.

ಸಮಾಧಿಗಳನ್ನು ಜಂಬಿಟ್ಟಿಗೆ ಚೂರಿನಿಂದ ಮಾಡಿದೆವು. ದೊಡ್ಡವು ಮುಂದೆ, ಚಿಕ್ಕವು ಹಿಂದೆ. ಹಾಗಿಟ್ಟರೆ ಒಂದು ಗೇಣು ಆಳದ ಕಾಯಿಯೊಳಗೆ ಒಂದು ಫರ್ಲಾಂಗು ದೂರ ಹುಟ್ಟುತ್ತದೆ. ಇದು ಪುಟ್ಟಿಗೆ ಹೇಗೆ ಗೊತ್ತಿತ್ತೋ! ಮುಂದಿನ ಕಲ್ಲಿನ ಮೇಲೆ ಇಂಗ್ಲಿಷಿನಲ್ಲಿ ‘ಆರ್‌ಐಪಿ’, ಅಂದರೆ ಆತ್ಮಕ್ಕೆ ಶಾಂತಿ ಸಿಗಲಿ, ಅಂತ ಬರೆಯಬೇಕು ಅಂದಳು. ನಾನು ಹಲ್ಲುಕಡ್ಡಿಯನ್ನು ಬಿಳಿ ಬಣ್ಣಕ್ಕೆ ಅದ್ದಿ ‘ನಾಳೆ ಬಾ’ ಅಂತ ಬರೆದೆ. ಅವಳಿಗೆ ಅರ್ಥವಾಗಲಿಲ್ಲ. 90ರ ದಶಕದಲ್ಲಿ ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವಕ್ಕೆ ನಾವು ಬಾಗಿಲ ಮೇಲೆ ಹಾಗೆ ಬರೆದಿಡುತ್ತಿದ್ದೆವು, ದೆವ್ವ ದಿನಾ ಬಂದು ಓದಿ, ಸರಿ ನಾಳೆ ಬರೋಣ ಅಂತ ಹೋಗುತ್ತಿತ್ತು ಅಂದೆ.

“ನಿಮ್ಮ ದೆವ್ವಕ್ಕೆ ಕನ್ನಡ ಓದೋಕೆ ಬರ್ತಿತ್ತಾ?”

ಬರುತ್ತಿತ್ತು. ಆಗಿನ ದೆವ್ವಗಳೆಲ್ಲ ಕನ್ನಡ ಮೀಡಿಯಂ.

ಇಷ್ಟಾದರೂ ಹೆದರಿಕೆ ಬರಲಿಲ್ಲ. ಅದೇ ದೊಡ್ಡ ತಲೆನೋವಾಯಿತು. ಮರ ಇದೆ, ಮಂಜು ಇದೆ, ಎಲುಬುಗಳು ಕೂತು ಹರಟುತ್ತಿವೆ, ನೋಡಿದರೆ ವಸ್ತುಪ್ರದರ್ಶನದ ಮಾದರಿ ಗ್ರಾಮ. ಸೀರಿಯಲ್ ಸೆಟ್ ಒಳಗೆ ಬಿಟ್ಟು ಹಾಕಿದೆವು. ಇನ್ನೂ ಕೆಟ್ಟಿತು, ಮದುವೆ ಮಂಟಪವಾಯಿತು. ಅಮ್ಮ ಹಣತೆ ತಂದಳು. ಫೋಮ್ ಹೊತ್ತಿಕೊಂಡರೆ ಕಾಯಿಯ ಜೊತೆ ಜಗಲಿಯೂ ಹೋಗುತ್ತದೆ, ಹೊಗೆ ಬೇರೆ ವಿಷ. ಬೇಡ ಅಂದೆ. “ಹಾಗಾದರೆ ದೀಪ ಎದುರಿಗೆ ಯಾಕೆ ಇಡ್ತೀಯ? ಕಲ್ಲಿನ ಹಿಂದೆ ಇಡು” ಅಂದಳು ಅಮ್ಮ, ಏನೋ ಒಗ್ಗರಣೆಗೆ ಉಪ್ಪು ಕಡಿಮೆ ಅನ್ನುವ ಹಾಗೆ.

ಗುಂಡಿ ಬ್ಯಾಟರಿಯ ಒಂದೇ ಒಂದು ಪುಟ್ಟ ಎಲ್‌ಇಡಿಯನ್ನು ದೊಡ್ಡ ಕಲ್ಲಿನ ಹಿಂದೆ, ಪಾಚಿಯೊಳಗೆ ಹುದುಗಿಸಿದೆವು. ಜಗಲಿಯ ದೀಪ ಆರಿಸಿ ಬಗ್ಗಿ ನೋಡಿದೆ. ಬೆನ್ನು ಜುಮ್ಮೆಂದಿತು. ದೀಪ ಎಲ್ಲೂ ಕಾಣುವುದಿಲ್ಲ, ಬೆಳಕು ಮಾತ್ರ ನೆಲದಿಂದ ಏಳುತ್ತಿದೆ. ಕಾಫಿ ರೆಂಬೆಯ ನೆರಳು ಕಪ್ಪು ಗೋಡೆಯ ಮೇಲೆ ಕೈ ಚಾಚಿತ್ತು. ಹಿಂದಿನ ಸಾಲಿನ ಎಲುಬು ಈಗ ಹರಟುತ್ತಿರಲಿಲ್ಲ. ನಮ್ಮನ್ನೇ ನೋಡುತ್ತಿತ್ತು. ಆ ಎಲ್‌ಇಡಿ ಮೇಣದಬತ್ತಿಯ ಹಾಗೆ ಮಿಣುಕುವ ಜಾತಿಯದು. ಬೆಳಗುತ್ತದೆ, ಸಣ್ಣಗಾಗುತ್ತದೆ, ಆರಿತು ಅನ್ನುವಾಗ ಮತ್ತೆ ಬೆಳಗುತ್ತದೆ.

ಅಮ್ಮ ಮೊದಲ ಸಲ ಕಿಟಕಿಗೆ ಮುಖ ಒಡ್ಡಿ ನೋಡಿದಳು. “ಕೊಳ್ಳಿದೆವ್ವ” ಅಂದಳು. “ಬಾಯಿ ತೆರೆದಾಗ ಬೆಂಕಿ, ಮುಚ್ಚಿದಾಗ ಕತ್ತಲೆ. ಕೆಳಗಿನ ಗದ್ದೆಯ ಅಂಚಿನಲ್ಲಿ ಹೀಗೇ ಹೋಗ್ತಿತ್ತು. ನಾನು ಮದುವೆಯಾಗಿ ಬಂದ ವರ್ಷ ಇದೇ ಜಗಲಿಯಿಂದ ನೋಡಿದೀನಿ.”

ಕುಂಬಳದ ದೀಪಕ್ಕೆ ಅವರು ಜ್ಯಾಕನ ಲಾಂದ್ರ ಅನ್ನುತ್ತಾರೆ. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಅದೇ ಹೆಸರು ಇದ್ದದ್ದು ಜೌಗು ನೆಲದ ಮೇಲೆ ರಾತ್ರಿ ಅಲೆದಾಡುವ ಬೆಳಕಿಗೆ. ಅಂದರೆ ಕೊಳ್ಳಿದೆವ್ವಕ್ಕೇ! ಗಡ್ಡೆಗೂ ಕುಂಬಳಕ್ಕೂ ಆ ಹೆಸರು ಅಂಟಿದ್ದು ಆಮೇಲೆ. ಅಮ್ಮ ಕಂಡದ್ದು ಗದ್ದೆಗೆ ಏಡಿ ಹಿಡಿಯಲು ಸೂಡಿ ಹಚ್ಚಿಕೊಂಡು ಹೋದ ಯಾರೋ ಇರಬಹುದು. ಹೇಳಲಿಲ್ಲ. ಈಗ ಆ ಗದ್ದೆ ತೋಟವಾಗಿದೆ, ಅಂಚಿನ ಕಂಬದಲ್ಲಿ ರಾತ್ರಿಯಿಡೀ ಬಲ್ಬು ಉರಿಯುತ್ತದೆ. ಏನು ಹೋದರೂ ಯಾರು ಅಂತ ಗೊತ್ತಾಗುತ್ತದೆ. ಪುಟ್ಟಿ ಅಜ್ಜಿಯ ಸೆರಗು ಹಿಡಿದುಕೊಂಡು ಮತ್ತೆ ಮತ್ತೆ ಇಣುಕುತ್ತಿದ್ದಳು. ಇಡೀ ಊರಿನಲ್ಲಿ ಅವತ್ತು ಸರಿಯಾದ ಕತ್ತಲೆ ಇದ್ದದ್ದು ಆ ಕಾಯಿಯೊಳಗೆ ಮಾತ್ರ.

ಕಿಟಕಿಯ ಕೊಯ್ದ ಅಂಚು ಬೆಳ್ಳಗೆ ಕಾಣುತ್ತಿತ್ತು. ಪುಟ್ಟಿ ಅದಕ್ಕೂ, ಅಲ್ಲಲ್ಲಿ ತರಚಿದ ಸಿಪ್ಪೆಗೂ ಕಿತ್ತಳೆ ಬಣ್ಣ ದಪ್ಪಗೆ ಬಳಿದಳು. ನಮ್ಮ ಥಂಡಿ ಗಾಳಿಯಲ್ಲಿ ಬಟ್ಟೆಯೇ ಒಣಗುವುದಿಲ್ಲ, ಬಣ್ಣ ಒಣಗುತ್ತದೆಯೇ? ದೀಪ ಆರಿಸಿ, ಕಿಟಕಿಯನ್ನು ಗೋಡೆಯ ಕಡೆ ತಿರುಗಿಸಿ ಜಗಲಿಯ ಮೂಲೆಯಲ್ಲಿಟ್ಟು ಮಲಗಿದೆವು. ಅಕ್ಟೋಬರ್ 30, ನೀರು ತುಂಬುವ ಹಬ್ಬದ ರಾತ್ರಿ. ನಮ್ಮ ಕಡೆ ಅದು ಬೂರೆ ಕದಿಯುವ ರಾತ್ರಿಯೂ ಹೌದು. ಹುಡುಗರು ಗುಂಪು ಕಟ್ಟಿಕೊಂಡು ಕಂಡವರ ಹಿತ್ತಲಿನ ಸೌತೆ, ಬಾಳೆಗೊನೆ, ಎಳನೀರು ಎಗರಿಸುತ್ತಾರೆ. ಬೈಯಬಹುದು, ದೂರು ಕೊಡುವ ಹಾಗಿಲ್ಲ. ಅಮೆರಿಕದ ಮಕ್ಕಳು ಬಾಗಿಲು ತಟ್ಟಿ, ತಿಂಡಿ ಕೊಡುತ್ತೀರೋ ಕೀಟಲೆ ಮಾಡಲೋ ಅಂತ ಕೇಳುತ್ತಾರಂತೆ. ನಮ್ಮವರಿಗೆ ಅಷ್ಟು ಪುರುಸೊತ್ತಿಲ್ಲ, ಕೇಳುವುದಿಲ್ಲ.

ಬೆಳಿಗ್ಗೆ ನರಕ ಚತುರ್ದಶಿ. ಎಣ್ಣೆ ಹಚ್ಚಿಸಿಕೊಳ್ಳಲು ಎದ್ದು ಬಂದ ಪುಟ್ಟಿ ಜಗಲಿ ನೋಡಿ ಕೂಗಿಕೊಂಡಳು. ಅಟ್ಟದ ಹದಿನಾಲ್ಕೂ ಇದ್ದವು. ಹದಿನೈದನೆಯದು ಇರಲಿಲ್ಲ.

ಎಂಟು ಗಂಟೆಗೆ ಹಾಲಿನ ಡೈರಿಯಿಂದ ಸುದ್ದಿ ಬಂತು. ಮುಖ್ಯರಸ್ತೆಯ ಬಸ್ ಶೆಲ್ಟರಿನ ಬೆಂಚಿನ ಮೇಲೆ ಒಂದು ಕುಂಬಳಕಾಯಿ ಕೂತಿದೆಯಂತೆ. ಒಳಗೆ ದೀಪ ಮಿಣುಕುತ್ತಿದೆಯಂತೆ, ಎಲುಬುಗಳಿವೆಯಂತೆ. ಯಾರೋ ಮಾಟ ಮಾಡಿಸಿದ್ದಾರೆ ಅಂತ ಮೊದಲ ಬಸ್ಸಿಗೆ ಕಾಯುವವರೆಲ್ಲ ಶೆಲ್ಟರ್ ಬಿಟ್ಟು ಇಬ್ಬನಿಯಲ್ಲಿ ನಿಂತಿದ್ದರಂತೆ. ‘ನಾಳೆ ಬಾ’ ಓದಿದ ಒಬ್ಬರು ಪೇಟೆಗೆ ಹೋಗುವುದನ್ನೇ ಬಿಟ್ಟು ಮನೆಗೆ ಮರಳಿದರಂತೆ. ನಾನು ಹೋಗಿ ಎತ್ತಿಕೊಂಡು ಬಂದೆ. ಕಾಯಿಯ ಒಂದು ಪಕ್ಕದಲ್ಲಿ ಬಣ್ಣ ಒರೆಸಿಹೋಗಿತ್ತು. ಹೆಗಲ ಮೇಲೆ ಹೊತ್ತರೆ ತಾಗುವಷ್ಟು ಜಾಗ. ಪಲ್ಯಕ್ಕೆಂದು ಕೊಯ್ಯಲು ಕೂತವರು ಆ ಕಿಟಕಿ ಕಂಡಾಗ ಹೇಗೆ ಎದ್ದಿರಬಹುದು, ಅದನ್ನು ನೋಡುವ ಭಾಗ್ಯ ನಮಗಿರಲಿಲ್ಲ.

ಬಲಿಪಾಡ್ಯಮಿಯ ರಾತ್ರಿ ಅಂಟಿಗೆ ಪಂಟಿಗೆಯವರು ಬಂದರು. ದೀಪ ಹಿಡಿದು, ಹಾಡುತ್ತ, ತೋಟ ದಾಟಿ. ಅಮ್ಮ ಅವರ ದೀಪಕ್ಕೆ ಎಣ್ಣೆ ಎರೆದಳು, ಮೊರದಲ್ಲಿ ಅಕ್ಕಿ, ಮೇಲೆ ದುಡ್ಡು ಇಟ್ಟಳು. ಆರೇಳು ಜನ, ಹೆಚ್ಚಿನವರು ಹುಡುಗರು. ಜಗಲಿಯ ಮೂಲೆಯಲ್ಲಿ ಪುಟ್ಟಿಯ ಕಾಯಿ ಮಿಣುಕುತ್ತಿತ್ತು. ಯಾರೂ ಆ ಕಡೆ ನೋಡಲಿಲ್ಲ. ಒಬ್ಬನೂ ನೋಡಲಿಲ್ಲ ಅನ್ನುವುದೇ ವಿಚಿತ್ರ.

ಹಾಡು ಮುಗಿದ ಮೇಲೆ ಅಮ್ಮ ಹೋಳಿಗೆ ಕೊಡುತ್ತ, ಯಾರನ್ನೂ ನೋಡದೆ ಅಂದಳು. “ನಮ್ಮ ಕುಂಬಳಕಾಯಿ ಕದ್ದವರು ಯಾರೋ ಗೊತ್ತೇ ಆಗಲಿಲ್ಲ ನೋಡ್ರೋ.”

ಹಿಂದೆ ನಿಂತಿದ್ದ ಹುಡುಗ ಹಬ್ಬದ ಹೊಸ ಬಿಳಿ ಅಂಗಿ ಹಾಕಿದ್ದ. ಅದರ ಮೇಲೆ ಒಂದು ಕಲೆಯೂ ಇರಲಿಲ್ಲ. ಆದರೂ ಅವನ ಎಡಗೈ ಮೆಲ್ಲಗೆ ಬಲ ಹೆಗಲಿಗೆ ಹೋಯಿತು.